ನಿವಾರಾದಲ್ಲಿ (ಮನೆ ಇಲ್ಲದವರ ತಂಗುದಾಣದಲ್ಲಿ) ಮೂರೇ ದಿನ ಅಂದರು. ನಾಲ್ಕನೇ ದಿನ ಈ ಸಂಸಾರ ಎಲ್ಲಿಗೆ ಹೋಗಬೇಕು?

ಸಯನ್ ಖಾನಾವಳಿ | ಮಂಗಳವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾನು ಮುಂಬೈಯ ಸಯನ್‌ನಲ್ಲಿ ಚಿಕ್ಕ ಖಾನಾವಳಿ ನಡೆಸುತ್ತೇನೆ. ಎರಡು ತಿಂಗಳಿಂದ ಒಬ್ಬ ಹೆಣ್ಣುಮಗಳು ಬೆಳಿಗ್ಗೆ ಪಾತ್ರೆ ತೊಳೆಯಲು ಬರುತ್ತಿದ್ದಾಳೆ. ಯಾದಗಿರಿ ಕಡೆಯವಳು. ಗಂಡ ಕಟ್ಟಡದ ಕೆಲಸದಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಊರಲ್ಲಿ ಅಣ್ಣನ ಮನೆಯಲ್ಲಿ ಮಲಗಿದ್ದಾನೆ. ಇಲ್ಲಿ ಅವಳು, ಅತ್ತೆ, 12 ವರ್ಷದ ಮಗ, 5 ವರ್ಷದ ಮಗಳು. ಇಷ್ಟು ದಿನ ಫ್ಲೈಓವರ್ ಕೆಳಗೆ ತಾಡಪತ್ರಿ ಕಟ್ಟಿಕೊಂಡಿದ್ದರು. ಹೋದ ವಾರ ಪಾಲಿಕೆ ಗಾಡಿ ಬಂದು ಹಾಸಿಗೆ, ಗಂಟುಮೂಟೆ ಎಲ್ಲ ಎತ್ತಿಕೊಂಡು ಹೋಯಿತು. ಆಧಾರ್ ಕಾರ್ಡ್‌ಗಳೂ ಅದರಲ್ಲೇ ಹೋದವು.

ಯಾರೋ ಪುಣ್ಯಾತ್ಮರು ಒಂದು ನಿವಾರಾ ಕೇಂದ್ರಕ್ಕೆ ಸೇರಿಸಿದರು. ಯಾವ ಕೇಂದ್ರ ಅಂತ ಇಲ್ಲಿ ಬೇಡ. ಅಲ್ಲಿಯವರು ಹೇಳಿದ್ದು ಇಷ್ಟು. ಮೂರು ದಿನ ಮಾತ್ರ ಇರಬಹುದು. ಬೆಳಿಗ್ಗೆ 7ಕ್ಕೆ ಹೊರಗೆ ಹೋಗಿ ರಾತ್ರಿ 8ಕ್ಕೆ ಬರಬೇಕು. ಆಧಾರ್ ತಂದರೆ ಮಾತ್ರ ಮುಂದಿನ ಮಾತು. ಮಗ ದೊಡ್ಡವನು, ಹೆಂಗಸರ ಜೊತೆ ಇರಿಸಲು ಆಗಲ್ಲ, ಅವನನ್ನು ಬೇರೆ ಕಡೆ ಕಳಿಸುತ್ತೇವೆ.

ಮಗನ ಮಾತು ಕೇಳಿದ ಮೇಲೆ ಅವಳಿಗೆ ಅನ್ನ ಇಳಿಯುತ್ತಿಲ್ಲ. ಇವತ್ತು ಮಧ್ಯಾಹ್ನ ತನ್ನ ಸ್ಟೀಲ್ ಡಬ್ಬಿ ತಂದು ನನ್ನ ಮುಂದೆ ತೆಗೆದಳು. ಜೀರಿಗೆ ವಾಸನೆ. ಒಳಗೆ ಹಾಲಿನ ಪಾಕೀಟಿನಲ್ಲಿ ಸುತ್ತಿದ ಕಾಗದಗಳು. ಕರ್ನಾಟಕದ ರೇಷನ್ ಕಾರ್ಡ್, ಮಗಳ ಲಸಿಕೆ ಕಾರ್ಡ್, ಗಂಡನ ಆಸ್ಪತ್ರೆ ಚೀಟಿ, ಮಗನ ಐದನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್. ಮಳೆಯಲ್ಲಿ ನೆಂದು ಒಣಗಿ ಹಪ್ಪಳದ ಹಾಗೆ ಸೊಟ್ಟಗಾಗಿವೆ. "ಇದರಾಗ ಯಾವುದು ನಡೀತದ ಅಕ್ಕಾ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಗೊತ್ತಿದ್ದವರು ಹೇಳಿ. ನಿವಾರಾದವರು ಹೀಗೆ ಹೇಳಬಹುದಾ? ಇವರಿಗೆ ಕಾಯಂ ಒಂದು ಮನೆ ಆಗುವ ದಾರಿ ಏನಾದರೂ ಇದೆಯಾ?

ಪರೇಲ್ ನರ್ಸ್ | ರಾತ್ರಿ 10:52

ಬೆಳಿಗ್ಗೆ ಹೊರಗೆ ಹಾಕುವಂತಿಲ್ಲ ಅಕ್ಕ. ನಿವಾರಾ 24 ಗಂಟೆ ತೆರೆದಿರಬೇಕು. ಇದು ನನಗೆ ಖಚಿತವಾಗಿ ಗೊತ್ತು.

ಕಾಂದಿವಲಿ ಹೋಟೆಲ್ | ರಾತ್ರಿ 11:05

ಕಷ್ಟ ಅರ್ಥ ಆಗುತ್ತದೆ. ಆದರೆ ಗಂಡ ಊರಲ್ಲಿದ್ದಾನೆ, ಇವರೂ ಊರಿಗೆ ಹೋಗಬಹುದಲ್ವಾ? ಮುಂಬೈಯಲ್ಲಿ ಸಂಬಳ ಇರುವವರಿಗೇ ಬಾಡಿಗೆ ಕೊಡಲು ಆಗುತ್ತಿಲ್ಲ. ಮಕ್ಕಳನ್ನು ಫುಟ್‌ಪಾತ್‌ನಲ್ಲಿ ಇಟ್ಟುಕೊಂಡು ಇಲ್ಲೇ ಯಾಕೆ ಇರಬೇಕು?

ನಾಕಾ ಮೇಸ್ತ್ರಿ | ರಾತ್ರಿ 11:11

ಹೋಟೆಲ್ ಅಣ್ಣ, ಊರಲ್ಲಿ ಏನಿದೆ ಅಂತ ಹೋಗಬೇಕು? ನಾನೂ ಆ ಕಡೆಯವನೇ. ಹೊಲ ಇಲ್ಲದವರಿಗೆ ಊರು ಅಂದರೆ ಹಬ್ಬಕ್ಕೆ ಹೋಗುವ ಜಾಗ ಅಷ್ಟೇ. ಮಲಗಿದ ಗಂಡನಿಗೆ ಔಷಧಿ ದುಡ್ಡು ಇಲ್ಲಿಂದಲೇ ಹೋಗಬೇಕು. ಅವಳು ಊರಿಗೆ ಹೋದರೆ ಆ ಅಣ್ಣನ ಮನೆಯಲ್ಲಿ ಉಣ್ಣುವ ಬಾಯಿ ಇನ್ನೂ ನಾಲ್ಕು ಜಾಸ್ತಿ ಆಗುತ್ತವೆ. ಅದು ಎಷ್ಟು ದಿನ ನಡೆಯುತ್ತದೆ ಹೇಳಿ.

ವಕೀಲಮ್ಮ ಠಾಣೆ | ರಾತ್ರಿ 11:48

ಒಂದೊಂದಾಗಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನವಾಗಿ ಓದಿ.

ನಿವಾರಾ ಅನ್ನುವುದು ಯಾರೋ ಮಾಡುವ ದಾನ ಧರ್ಮ ಅಂತ ಎಲ್ಲರೂ ತಿಳಿದಿದ್ದಾರೆ. ನಡೆಸುವವರೂ ಹಾಗೇ ತಿಳಿದಿರುತ್ತಾರೆ. ಹಾಗಾಗಿಯೇ ಬಂದವರನ್ನು ಗದರಿಸುತ್ತಾರೆ. ನಿಜವೇನೆಂದರೆ ಇದು ಸುಪ್ರೀಂ ಕೋರ್ಟ್ ಹೇಳಿ ಮಾಡಿಸಿದ ವ್ಯವಸ್ಥೆ. ಆಹಾರದ ಹಕ್ಕಿನ ಕೇಸು 2001ರಲ್ಲಿ ಶುರುವಾಯಿತು. ಅದೇ ಕೇಸಿನಲ್ಲಿ 2010ರಲ್ಲಿ ಕೋರ್ಟ್ ಹೇಳಿತು: ದೊಡ್ಡ ಊರುಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದು ನಿವಾರಾ ಬೇಕು, ಅದು ವರ್ಷದ 365 ದಿನ, ದಿನದ 24 ಗಂಟೆ ತೆರೆದಿರಬೇಕು. ಆಮೇಲೆ 2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್‌ನಲ್ಲಿ ಇದಕ್ಕೇ ಅಂತ ಒಂದು ಯೋಜನೆ ಸೇರಿಸಿದರು. ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ, ನೀರು, ಕಕ್ಕಸು, ಸ್ನಾನದ ಮನೆ, ತೊಳೆದ ಹೊದಿಕೆ, ಅಡುಗೆ ಮಾಡಿಕೊಳ್ಳಲು ಜಾಗ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಮಕ್ಕಳಿಗೆ ಅಂಗನವಾಡಿ ಜೋಡಣೆ, ಇವೆಲ್ಲ ಅದರ ಮಾರ್ಗಸೂಚಿಯಲ್ಲೇ ಬರೆದಿವೆ.

ಈಗ ಆಧಾರ್. ಇಲ್ಲಿ ಎಲ್ಲ ಉಲ್ಟಾ ಆಗಿದೆ. ಗುರುತಿನ ಚೀಟಿ, ರೇಷನ್, ಪಿಂಚಣಿ, ಬ್ಯಾಂಕ್ ಖಾತೆ, ಮಕ್ಕಳ ಶಾಲೆ, ಇವನ್ನೆಲ್ಲ ಕೊಡಿಸಲು ನೆರವಾಗುವುದು ನಿವಾರಾದ ಕೆಲಸ. ಅವರು ಮಾಡಿಸಿಕೊಡಬೇಕಾದ ಕಾಗದವನ್ನೇ ಇವಳ ಹತ್ತಿರ ಕೇಳಿದರೆ ಹೇಗೆ? ಮನೆಯೇ ಇಲ್ಲದವರಿಗೆ ಆಧಾರ್ ಎಲ್ಲಿಂದ ಬರುತ್ತದೆ ಅಂತ 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಸರ್ಕಾರದವರನ್ನು ಕೇಳಿತ್ತು. ಆಧಾರ್ ಕಾಯ್ದೆಯ 5ನೇ ಕಲಮಿನಲ್ಲಿ ಕಾಯಂ ಮನೆ ಇಲ್ಲದವರಿಗೆ ವಿಶೇಷ ವ್ಯವಸ್ಥೆ ಮಾಡಬೇಕು ಅಂತ ಇದೆ. ಮಾನ್ಯತೆ ಇರುವ ನಿವಾರಾದ ಮುಖ್ಯಸ್ಥರು ಕೊಟ್ಟ ಸರ್ಟಿಫಿಕೇಟನ್ನು ಆಧಾರ್ ಕೇಂದ್ರದಲ್ಲಿ ವಿಳಾಸಕ್ಕೆ ತೆಗೆದುಕೊಳ್ಳುತ್ತಾರೆ.

ಹಾಗಾಗಿ ಅವಳು ಅಲ್ಲಿಂದ ಬರಿಗೈಲಿ ಹೊರಗೆ ಬರಬಾರದು. ಮೂರು ದಿನ ಇರಲಿ, ಮೂವತ್ತು ದಿನ ಇರಲಿ, ತಾನು ಇಂಥ ತಾರೀಖಿನಿಂದ ಇಲ್ಲಿದ್ದೆ ಅಂತ ಸಹಿ, ಸಿಕ್ಕಾ (ಮೊಹರು) ಇರುವ ಒಂದು ಕಾಗದ ಕೈಯಲ್ಲಿರಬೇಕು. ಹೊರಗೆ ಹೋಗಿ ಅಂದರೆ ಯಾವ ನಿಯಮದ ಪ್ರಕಾರ ಅಂತ ಬರೆದು ಕೊಡಲು ಹೇಳಿ. ಬಾಯಿ ಮಾತಲ್ಲಿ ಹೊರಗೆ ಹಾಕುವುದು ಸುಲಭ, ಬರೆದು ಕೊಟ್ಟು ಹಾಕುವುದು ಕಷ್ಟ.

ಪರೇಲ್ ನರ್ಸ್ | ರಾತ್ರಿ 11:59

ಇನ್ನೊಂದು. ಆಧಾರ್ ಕಳೆದಿಲ್ಲ, ಕಾರ್ಡ್ ಕಳೆದಿದೆ. ನಂಬರ್ ಹಾಗೇ ಇರುತ್ತದೆ. ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ ಬೆರಳು ಕೊಟ್ಟರೆ ಹುಡುಕಿಕೊಡುತ್ತಾರೆ. 1947ಕ್ಕೆ ಫೋನ್ ಮಾಡಿದರೆ ಹತ್ತಿರದ ಕೇಂದ್ರ ಎಲ್ಲಿದೆ ಅಂತ ಕೇಳಬಹುದು. ಪಾತ್ರೆ ತೊಳೆದು ಬೆರಳು ಸವೆದಿದ್ದರೆ ಮಿಷನ್ ಒಪ್ಪುವುದಿಲ್ಲ. ನಮ್ಮ ವಾರ್ಡಿನ ಆಯಾಗೆ ಹಾಗೇ ಆಗಿತ್ತು. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಪಾತ್ರೆ ಮುಟ್ಟದೆ ಹೋಗಲಿ. ಅದಕ್ಕೂ ಆಗದಿದ್ದರೆ ಕಣ್ಣಿನ ಗುರುತು ತೆಗೆದುಕೊಳ್ಳಿ ಅಂತ ಕೇಳಬೇಕು.

ಡೊಂಬಿವಲಿ ಕಾಕಾ | ಬುಧವಾರ ಬೆಳಿಗ್ಗೆ 6:30

ಲಕ್ಷಕ್ಕೊಂದು ನಿವಾರಾ ಅಂದರೆ ಲೆಕ್ಕ ಹಾಕಿ. 2011ರ ಜನಗಣತಿಯಲ್ಲಿ ಮುಂಬೈ 1 ಕೋಟಿ 24 ಲಕ್ಷ. ಅಂದರೆ 124 ನಿವಾರಾ ಬೇಕು. ಅದರ ಹತ್ತಿರಕ್ಕೂ ನಾವು ಬಂದಿಲ್ಲ. ಅದೇ ಜನಗಣತಿಯಲ್ಲಿ ಮುಂಬೈಯಲ್ಲಿ ಮನೆ ಇಲ್ಲದವರು ಸುಮಾರು 57 ಸಾವಿರ. ರಾತ್ರಿ ಲೆಕ್ಕಕ್ಕೆ ಬಂದವರಿಗೆ ಸಿಗದೇ ಹೋದವರು ಎಷ್ಟೋ.

ಆದರೆ ಆ ಕೋರ್ಟ್ ಆದೇಶ ದೆಹಲಿ ಚಳಿಗೆ ಅಂತ ಕೇಳಿದ್ದೆ. ನಮ್ಮ ಊರಿಗೆ ಅನ್ವಯ ಆಗುತ್ತಾ?

ವಕೀಲಮ್ಮ ಠಾಣೆ | ಬೆಳಿಗ್ಗೆ 7:15

ಶುರುವಾಗಿದ್ದು ದೆಹಲಿ ಚಳಿಯಿಂದ, ನಿಜ ಕಾಕಾ. ಆಮೇಲೆ ಎಲ್ಲ ರಾಜ್ಯಗಳಿಗೂ ಹೇಳಿದರು. ವರ್ಷಪೂರ್ತಿ ಅಂದಿದ್ದು ಅದಕ್ಕೇ. ಚಳಿಗೆ ಸಾಯುವ ಊರು ಒಂದು, ಮಳೆಗೆ ಸಾಯುವ ಊರು ಇನ್ನೊಂದು.

ಹಳೇ ಫೋರ್ಟ್ ಹುಡುಗ | ಬೆಳಿಗ್ಗೆ 8:02

ಇದನ್ನೆಲ್ಲ ಓದುತ್ತಾ ನನಗೆ ನನ್ನದೇ ಕಾಲ ನೆನಪಾಯಿತು. 1974ರಲ್ಲಿ ಕುಂದಾಪುರದಿಂದ ಬಂದೆ. ಹದಿಮೂರು ವರ್ಷ. ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ರಾತ್ರಿ ಶಟರ್ ಎಳೆದ ಮೇಲೆ ಅದೇ ಟೇಬಲ್ ಮೇಲೆ ನಿದ್ದೆ. ನಮ್ಮಲ್ಲಿ ಎಷ್ಟೋ ಜನ ಹಾಗೇ ಮಲಗಿ, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು. ರಾತ್ರಿ ಶಾಲೆಯಲ್ಲಿ ವಿಳಾಸ ಕೇಳಿದರೆ ಹೋಟೆಲಿನ ಹೆಸರು ಬರೆಸುತ್ತಿದ್ದೆವು. ಮಾಲೀಕರು ಸಹಿ ಹಾಕುತ್ತಿದ್ದರು. ಆ ಸಹಿಯ ಮೇಲೆ ಎಸ್ಸೆಸ್ಸೆಲ್ಸಿ ಆಯಿತು, ಆಮೇಲೆ ಬ್ಯಾಂಕ್ ಕೆಲಸ, ಆಮೇಲೆ ಮುಲುಂಡಿನಲ್ಲಿ ಮನೆ.

ಲೆಕ್ಕ ಹಾಕಿದರೆ ನಾವೂ ಮನೆ ಇಲ್ಲದವರೇ ಆಗಿದ್ದೆವು. ಯಾರೂ ನಮ್ಮನ್ನು ಹಾಗೆ ಕರೆಯಲಿಲ್ಲ, ಅಷ್ಟೇ. ಹೋಟೆಲ್ ತಮ್ಮ, ನಿಮ್ಮ ಅಪ್ಪನೋ ಅಜ್ಜನೋ ಕೂಡ ಹೀಗೆ ಮಲಗಿರಬಹುದು. ಊರಿಗೆ ಹೋಗು ಅಂತ ಅವರಿಗೆ ಯಾರಾದರೂ ಹೇಳಿದ್ದರೆ?

ಕಾಂದಿವಲಿ ಹೋಟೆಲ್ | ಬೆಳಿಗ್ಗೆ 8:20

ನನ್ನ ಅಪ್ಪ ಮಲಗಿದ್ದು ನಿಜ ಮಾವ. ಫಣಸವಾಡಿಯಲ್ಲಿ. ನಾನು ಕೆಟ್ಟದ್ದು ಬಯಸಿ ಹೇಳಲಿಲ್ಲ. ಮಕ್ಕಳ ಮುಖ ನೋಡಿ ಹೇಳಿದೆ. ನಮ್ಮ ಹೋಟೆಲಿನ ಹಿಂದೆ ಕೆಲಸದವರ ರೂಮಿದೆ, ಹೆಂಗಸರಿಗೆ ಬೇರೆ. ರುಬ್ಬುವ ಕೆಲಸಕ್ಕೆ ಒಬ್ಬರು ಬೇಕು. ಅವಳು ಬರುವುದಾದರೆ ಬರಲಿ. ಅತ್ತೆ, ಮಕ್ಕಳೂ ಇರಲಿ.

ನಾಕಾ ಮೇಸ್ತ್ರಿ | ಬೆಳಿಗ್ಗೆ 8:41

ನಿಮ್ಮ ಮನಸ್ಸು ಒಳ್ಳೆಯದು ಅಣ್ಣ. ಆದರೂ ನೇರ ಹೇಳುತ್ತೇನೆ, ಬೇಜಾರು ಮಾಡಬೇಡಿ. ಕೆಲಸದ ಜೊತೆ ಬಂದ ಮನೆ ಕೆಲಸದ ಜೊತೆಯೇ ಹೋಗುತ್ತದೆ. ಸೈಟಿನಲ್ಲಿ ಇದನ್ನು ದಿನಾ ನೋಡುತ್ತೇನೆ. ಸ್ಲ್ಯಾಬ್ ಮುಗಿಯಿತು, ತಗಡಿನ ಶೆಡ್ ಬಿಚ್ಚಿದರು, ಸಂಸಾರ ರಸ್ತೆಗೆ ಬಂತು. ಅವಳ ಗಂಡ ಬಿದ್ದ ಮೇಲೆ ಆಗಿದ್ದೂ ಅದೇ ಇರಬೇಕು. ಖಾನಾವಳಿ ಅಕ್ಕ, ಸರಿನಾ?

ಸಯನ್ ಖಾನಾವಳಿ | ಬೆಳಿಗ್ಗೆ 9:10

ಸರಿ. ಅವನು ಬಿದ್ದ ಎಂಟನೇ ದಿನಕ್ಕೆ ಶೆಡ್ ಖಾಲಿ ಮಾಡಿಸಿದರಂತೆ. ಅದಕ್ಕೂ ಮುಂಚೆ ಎರಡು ವರ್ಷ ಅಲ್ಲೇ ಇದ್ದರು.

ಹೋಟೆಲ್ ಅಣ್ಣ, ನಿಮ್ಮ ಮಾತು ಅವಳಿಗೆ ಹೇಳುತ್ತೇನೆ. ಅವಳೇ ತೀರ್ಮಾನ ಮಾಡಲಿ.

ಚೆಂಬೂರ್ ಟೀಚರ್ | ಬೆಳಿಗ್ಗೆ 9:34

ಮಗನ ಶಾಲೆ ನಿಂತು ಎಷ್ಟು ದಿನ ಆಯಿತು? ಮುಂಬೈ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ. ಟಿ.ಸಿ. ಇಲ್ಲ, ಜನ್ಮ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಬೇಕು. ಆ ಮಾರ್ಕ್ಸ್ ಕಾರ್ಡ್ ಸೊಟ್ಟಗಿದ್ದರೂ ಪರವಾಗಿಲ್ಲ, ಹೆಸರು ಓದಲು ಬಂದರೆ ಸಾಕು.

ಸಯನ್ ಖಾನಾವಳಿ | ಬೆಳಿಗ್ಗೆ 9:50

ಶಾಲೆ ಬಿಟ್ಟು ಒಂದು ವರ್ಷದ ಮೇಲಾಯಿತು ಟೀಚರ್. ಅವನನ್ನು ಬೇರೆ ಕಳಿಸುವುದರ ಬಗ್ಗೆ ಯಾರಾದರೂ ಹೇಳಿ. ಅವಳಿಗೆ ಇರುವ ದೊಡ್ಡ ಹೆದರಿಕೆ ಅದೇ. "ಮಗನ್ನ ಕೊಟ್ಟು ಸೂರು ತಗೊಳ್ಳಲಾ?" ಅಂತಾಳೆ. ಇವತ್ತು ರಾತ್ರಿಯೇ ವಾಪಸ್ ಫ್ಲೈಓವರ್ ಕೆಳಗೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ.

ವಕೀಲಮ್ಮ ಠಾಣೆ | ಬೆಳಿಗ್ಗೆ 10:25

ಹೋಗಬೇಡ ಅನ್ನಿ. ದಯವಿಟ್ಟು.

ಹೆಂಗಸರ ನಿವಾರಾದಲ್ಲಿ ದೊಡ್ಡ ಹುಡುಗರನ್ನು ಇಟ್ಟುಕೊಳ್ಳದಿರುವುದಕ್ಕೆ ಕಾರಣ ಇದೆ. ಅಲ್ಲಿ ಬೇರೆ ಹೆಂಗಸರೂ ಇರುತ್ತಾರೆ, ಅವರ ಭದ್ರತೆಯೂ ನೋಡಬೇಕು. ಅದಕ್ಕೇ ಮಾರ್ಗಸೂಚಿಯಲ್ಲಿ ಕುಟುಂಬಗಳಿಗೆ ಬೇರೆ ನಿವಾರಾ ಅಂತ ಇದೆ. ಅವಳು ಕೇಳಬೇಕಾದ್ದು ಅದು. "ನನ್ನ ಮಗನನ್ನು ಬೇರೆ ಕಳಿಸಬೇಡಿ, ನಮ್ಮ ನಾಲ್ಕೂ ಜನರನ್ನು ಕುಟುಂಬ ನಿವಾರಾಕ್ಕೆ ಕಳಿಸಿ" ಅಂತ ಬರೆದು ಕೊಡಬೇಕು.

ಮಕ್ಕಳ ಕಾಯ್ದೆಯ ವಿಷಯ ಮುಚ್ಚಿಡುವುದಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಮನೆ ಇಲ್ಲದ ಮಗುವನ್ನು ಆರೈಕೆ, ರಕ್ಷಣೆ ಬೇಕಾದ ಮಗು ಅಂತಲೇ ಹೇಳಿದ್ದಾರೆ. ಹಾಗಾಗಿ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರೆದುಕೊಂಡು ಹೋಗಬಹುದು. ಆದರೆ ಅದೇ ಕಾಯ್ದೆ ಇನ್ನೊಂದು ಮಾತೂ ಹೇಳುತ್ತದೆ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಆಗಿರಬೇಕು, ಮೊದಲು ಸಂಸಾರದ ಜೊತೆ ಇರಿಸಲು ನೋಡಬೇಕು. ತಾಯಿ ಇದ್ದಾಳೆ, ದುಡಿಯುತ್ತಾಳೆ, ಅಜ್ಜಿ ಇದ್ದಾಳೆ. ಹುಡುಗ ಶಾಲೆಗೆ ಸೇರಿದ ಕಾಗದವೂ ಇದ್ದರೆ ಅವಳ ಮಾತಿಗೆ ತೂಕ ಬರುತ್ತದೆ. ಟೀಚರ್, ನೀವು ಹೇಳಿದ್ದು ಇದಕ್ಕೂ ಉಪಯೋಗಕ್ಕೆ ಬಂತು ನೋಡಿ.

ಸಮಿತಿ ಮುಂದೆ ಹೋಗುವ ಪ್ರಸಂಗ ಬಂದರೆ ಒಬ್ಬಳೇ ಹೋಗಬಾರದು. ಕಾನೂನು ನೆರವು ಪ್ರಾಧಿಕಾರದ ನಂಬರ್ 15100. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. 1987ರ ಕಾಯ್ದೆಯಲ್ಲೇ ಇದೆ.

ಧಾರಾವಿ ಟೇಲರ್ | ಬೆಳಿಗ್ಗೆ 11:03

ಫುಟ್‌ಪಾತ್ ಜನ ನಿವಾರಾ ಅಂದರೆ ಹೆದರುವುದಕ್ಕೆ ಇನ್ನೊಂದು ಕಾರಣ ಇದೆ. ಭಿಕ್ಷುಕರ ಗೃಹಕ್ಕೆ ಒಯ್ಯುತ್ತಾರೆ ಅಂತ. 1959ರ ಬಾಂಬೆ ಭಿಕ್ಷಾಟನೆ ಕಾಯ್ದೆ ಇಲ್ಲಿ ಇನ್ನೂ ಇದೆ. ದೆಹಲಿಯಲ್ಲಿ ಹೈಕೋರ್ಟು 2018ರಲ್ಲಿ ಅದರ ಮುಖ್ಯ ಭಾಗ ತೆಗೆದು ಹಾಕಿತು, ಇಲ್ಲಿ ಹಾಗೆ ಆಗಿಲ್ಲ. ಜನರಿಗೆ ಎರಡೂ ಒಂದೇ ಥರ ಕಾಣುತ್ತವೆ. ಒಂದು ಕಡೆ ನೀವಾಗಿ ಹೋಗಿ ನೀವಾಗಿ ಬರಬಹುದು, ಇನ್ನೊಂದು ಕಡೆ ಮ್ಯಾಜಿಸ್ಟ್ರೇಟ್ ಆದೇಶದ ಮೇಲೆ ಇಡುತ್ತಾರೆ. ಈ ವ್ಯತ್ಯಾಸ ಯಾರೂ ಅವರಿಗೆ ಹೇಳುವುದಿಲ್ಲ.

ಜುಹು ನೆರೆಮನೆ | ಬೆಳಿಗ್ಗೆ 11:20

ಫುಟ್‌ಪಾತ್‌ನಲ್ಲಿ ಇರುವುದೂ ಹಕ್ಕು ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆಯಲ್ವಾ? ಓಲ್ಗಾ ಟೆಲ್ಲಿಸ್ ಕೇಸು. ಹಾಗಿದ್ದ ಮೇಲೆ ಗಾಡಿಯವರು ಸಾಮಾನು ಹೇಗೆ ಎತ್ತಿದರು?

ವಕೀಲಮ್ಮ ಠಾಣೆ | ಬೆಳಿಗ್ಗೆ 11:44

ಇದನ್ನು ಎಲ್ಲರೂ ತಪ್ಪು ಹೇಳುತ್ತಾರೆ. 1981ರಲ್ಲಿ, ಅಂತುಲೆ ಮುಖ್ಯಮಂತ್ರಿ ಆಗಿದ್ದಾಗ, ಫುಟ್‌ಪಾತ್ ಜನರನ್ನು ಮಳೆಗಾಲದಲ್ಲಿ ಎತ್ತಿ ಕಳಿಸಲು ಹೊರಟರು. ಅದರ ಮೇಲೆ ಕೇಸು. 1985ರ ಜುಲೈನಲ್ಲಿ ತೀರ್ಪು ಬಂತು. ಬದುಕುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ ಅಂದಿತು ಕೋರ್ಟ್. ಆದರೆ ಫುಟ್‌ಪಾತ್ ಮೇಲೆ ಮನೆ ಮಾಡಿಕೊಳ್ಳುವ ಹಕ್ಕು ಇದೆ ಅನ್ನಲಿಲ್ಲ. ತೆಗೆಯುವ ಮುಂಚೆ ಅವರ ಮಾತು ಕೇಳಬೇಕು, ನೋಟೀಸು ಇಲ್ಲದೆ ತೆಗೆಯುವುದು ಅಪರೂಪಕ್ಕೆ ಮಾತ್ರ ಇರಬೇಕು ಅಂದಿತು. ಆ ವರ್ಷ ಮಳೆ ಮುಗಿದು ಅಕ್ಟೋಬರ್ 31ರ ತನಕ ಯಾರನ್ನೂ ಎತ್ತಬೇಡಿ ಅಂತ ಹೇಳಿತು. 1976ರ ಗಣತಿಯ ಗುರುತು ಚೀಟಿ ಇದ್ದವರಿಗೆ ಬೇರೆ ಜಾಗ ಕೊಡಿ ಅಂತಲೂ ಹೇಳಿತು.

ನೋಡಿ, ಅಲ್ಲೂ ಚೀಟಿ ಇದ್ದವರಿಗೇ ಜಾಗ. ಅದಕ್ಕೇ ನಾನು ಕಾಗದ ಕಾಗದ ಅಂತ ಬಡಿದುಕೊಳ್ಳುತ್ತಿರುವುದು.

ವಾಸ್ಕೋ ವಿಜಯಪುರ | ಮಧ್ಯಾಹ್ನ 12:30

ಗೋವಾದಲ್ಲೂ ಇದೇ ಕಥೆ. 2004ರ ಜೂನ್‌ನಲ್ಲಿ ಬೈನಾದಲ್ಲಿ ಮನೆಗಳನ್ನು ಒಡೆದಾಗ ನಾನು ಚಿಕ್ಕವನು. ನಮ್ಮವ್ವ ಮೊದಲು ಹೊರಗೆ ತಂದಿದ್ದು ದೇವರ ಫೋಟೋ ಅಲ್ಲ, ಕರೆಂಟ್ ಬಿಲ್ಲು. ಸೆರಗಿಗೆ ಗಂಟು ಹಾಕಿಕೊಂಡು ನಿಂತಿದ್ದಳು.

ಪುಣೆ ಹಡಪ್ಸರ್ | ಮಧ್ಯಾಹ್ನ 12:41

ಓದಿ ಕಣ್ಣಲ್ಲಿ ನೀರು ಬಂತು ತಮ್ಮ.

ಡೊಂಬಿವಲಿ ಕಾಕಾ | ಮಧ್ಯಾಹ್ನ 1:15

ಕಾಯಂ ಮನೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಎಸ್‌ಆರ್‌ಎ ಮನೆ. ಝೋಪಡಿ ಒಡೆದು ಬಿಲ್ಡಿಂಗ್ ಕಟ್ಟಿ ಕೊಡುವ ಯೋಜನೆ, 1995ರಿಂದ ಇದೆ. 2000ದ ಜನವರಿ 1ಕ್ಕೆ ಮುಂಚೆ ಅಲ್ಲಿ ಇದ್ದೆವು ಅಂತ ತೋರಿಸಿದರೆ ಮನೆ ಪುಕ್ಕಟೆ. ಆಮೇಲಿನಿಂದ 2011ರ ಜನವರಿ 1ರ ತನಕ ಬಂದವರಿಗೆ ದುಡ್ಡು ಕೊಟ್ಟು. 2023ರಲ್ಲಿ ಅದನ್ನು ಎರಡೂವರೆ ಲಕ್ಷ ಅಂತ ಮಾಡಿದರು. ಈಗಿನ ಮನೆ 300 ಚದರ ಅಡಿ. ಹೆಸರು ಪರಿಶಿಷ್ಟ 2 (ಅನುಬಂಧ 2) ಅನ್ನುವ ಅರ್ಹರ ಪಟ್ಟಿಯಲ್ಲಿ ಬರಬೇಕು. ಈ ಹೆಣ್ಣುಮಗಳು ಬಂದು ಎರಡು ಮೂರು ವರ್ಷ. ಅವಳಿಗೆ ಈ ದಾರಿ ಇಲ್ಲ. ಸುಮ್ನೆ ಆಸೆ ಹುಟ್ಟಿಸಬೇಡಿ.

ಮ್ಹಾಡಾ ಲಾಟರಿ, ಅಂದರೆ ರಾಜ್ಯದ ವಸತಿ ಮಂಡಳಿ ಚೀಟಿ ಎತ್ತಿ ಮನೆ ಮಾರುವುದು. ಮಹಾರಾಷ್ಟ್ರದಲ್ಲಿ 15 ವರ್ಷ ಇದ್ದ ಡೊಮಿಸೈಲ್ (ವಾಸದ) ಸರ್ಟಿಫಿಕೇಟ್ ಬೇಕು. ಇದ್ದರೂ ಬಡವರ ಗುಂಪಿನ ಮನೆಯೇ 2023ರ ಲಾಟರಿಯಲ್ಲಿ ಗೋರೆಗಾಂವ್ ಪಹಾಡಿಯಲ್ಲಿ 30 ಲಕ್ಷ ದಾಟಿತ್ತು. ಇದು ನನ್ನ ಮಗನಂಥವರಿಗೆ. ಅವನೇ ನಾಲ್ಕು ಸಲ ಹಾಕಿ ಬಿಟ್ಟ.

ಪ್ರಧಾನಮಂತ್ರಿ ಆವಾಸ್‌ನ ಎರಡನೇ ಸುತ್ತು 2024ರಲ್ಲಿ ಶುರುವಾಯಿತು. ವರ್ಷಕ್ಕೆ 3 ಲಕ್ಷದ ಒಳಗಿನ ಆದಾಯದವರು ಬಡವರ ಗುಂಪಿಗೆ ಬರುತ್ತಾರೆ. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಕಳೆದ 20 ವರ್ಷದಲ್ಲಿ ಸರ್ಕಾರದ ವಸತಿ ಯೋಜನೆಯಲ್ಲಿ ಮನೆ ತಗೊಂಡಿರಬಾರದು. ಅದರಲ್ಲಿ ಬಾಡಿಗೆ ಮನೆಯ ಭಾಗವೂ ಒಂದಿದೆ. ಊರಲ್ಲಿ ಗಂಡನ ಹೆಸರಿನಲ್ಲಿ ಆಶ್ರಯ ಮನೆ ಏನಾದರೂ ಬಂದಿದೆಯಾ ಅಂತ ಮೊದಲು ಕೇಳಿ.

ಧಾರಾವಿ ಟೇಲರ್ | ಮಧ್ಯಾಹ್ನ 1:38

ಕಾಕಾ ಹೇಳಿದ್ದು ಸರಿ. ಅದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಇಂಥ ಸಂಸಾರಗಳ ಹಿಂದೆ ಏಜೆಂಟರು ಬರುತ್ತಾರೆ. ಹಳೇ ಫೋಟೋ ಪಾಸ್ (ಝೋಪಡಿಯವರ ಗುರುತು ಚೀಟಿ) ಇದೆ, ನಿಮ್ಮ ಹೆಸರು ಸೇರಿಸುತ್ತೇನೆ, ಎಸ್‌ಆರ್‌ಎ ರೂಮ್ ಗ್ಯಾರಂಟಿ ಅಂತಾರೆ. ನನ್ನ ಅಕ್ಕ ಹೀಗೆ ಮೂರು ಲಕ್ಷ ಕೊಟ್ಟಳು. ಮಾಂಗಲ್ಯ ಅಡವಿಟ್ಟು ಕೊಟ್ಟಳು. ಪಟ್ಟಿ ಬಂದಾಗ ಹೆಸರು ಹಳೆಯವರದ್ದೇ ಇತ್ತು. ಏಜೆಂಟ್ ಫೋನ್ ಎತ್ತಲಿಲ್ಲ. ಸ್ಟ್ಯಾಂಪ್ ಪೇಪರ್ ಮೇಲೆ ಬರೆದಿದ್ದನ್ನೇ ಅವಳು ಮನೆ ಪತ್ರ ಅಂತ ನಂಬಿದ್ದಳು. ಆ ಪೇಪರ್ ಈಗಲೂ ಲ್ಯಾಮಿನೇಶನ್ ಮಾಡಿಸಿ ಇಟ್ಟುಕೊಂಡಿದ್ದಾಳೆ.

ಪುಣೆ ಹಡಪ್ಸರ್ | ಮಧ್ಯಾಹ್ನ 1:55

ಹಾಗಾದರೆ ಅವಳಿಗೆ ದಾರಿಯೇ ಇಲ್ವಾ? ಎಲ್ಲ ಯೋಜನೆಯೂ ಮೊದಲೇ ಇದ್ದವರಿಗೆ ಅಂದರೆ ಮೊನ್ನೆ ಬಂದವರು ಎಲ್ಲಿಗೆ ಹೋಗಬೇಕು?

ನಾಕಾ ಮೇಸ್ತ್ರಿ | ಮಧ್ಯಾಹ್ನ 2:20

ದಾರಿ ಇದೆ. ಬಾಡಿಗೆ ಖೋಲಿ. ಗೋವಂಡಿ, ಮಾನ್‌ಖುರ್ದ್ ಕಡೆ ಹುಡುಕಬೇಕು. ಅಡ್ಡಿ ಆಗುವುದು ಡಿಪಾಜಿಟ್. ದಿನಾ ದುಡಿಯುವವರು ಬಾಡಿಗೆ ಹೇಗೋ ಕೊಡುತ್ತಾರೆ, ಒಂದೇ ಸಲ ಅಷ್ಟು ದುಡ್ಡು ಎಲ್ಲಿಂದ ತರುತ್ತಾರೆ? ಫುಟ್‌ಪಾತ್‌ನಲ್ಲಿ ದುಡ್ಡು ಉಳಿಯುವುದಿಲ್ಲ. ನೀರಿಗೆ, ಕಕ್ಕಸಿಗೆ, ಸ್ನಾನಕ್ಕೆ, ಫೋನ್ ಚಾರ್ಜಿಗೆ, ಎಲ್ಲಕ್ಕೂ ದುಡ್ಡು. ಅಡುಗೆಗೆ ಜಾಗ ಇಲ್ಲದೆ ವಡಾಪಾವ್ ತಿಂದು ಮತ್ತೂ ಜಾಸ್ತಿ ಖರ್ಚು. ನಿವಾರಾದಲ್ಲಿ ನಾಲ್ಕು ತಿಂಗಳು ಇರಲು ಬಿಟ್ಟರೆ ಡಿಪಾಜಿಟ್ ಕೂಡಿಬೀಳುತ್ತದೆ. ಮೂರು ದಿನಕ್ಕೆ ಹೊರಗೆ ಹಾಕಿದರೆ ಮತ್ತೆ ಅಲ್ಲಿಗೇ.

ಇನ್ನೊಂದು, ಗಂಡ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿದ್ದನಾ? ವರ್ಷದಲ್ಲಿ 90 ದಿನ ಕೆಲಸ ಮಾಡಿದವರು ಮಾಡಿಸಬಹುದು. ಮಾಡಿಸಿದ್ದರೆ ಅಪಘಾತಕ್ಕೆ ನೆರವು ಕೇಳಬಹುದು. ಮಾಡಿಸದಿದ್ದರೂ ಕೆಲಸದಲ್ಲಿ ಬಿದ್ದದ್ದಕ್ಕೆ ಪರಿಹಾರ ಕೇಳುವ ಹಕ್ಕು ಇದೆ. ಆ ಆಸ್ಪತ್ರೆ ಚೀಟಿ ಜೋಪಾನ. ಡಿಪಾಜಿಟ್ ದುಡ್ಡು ಅಲ್ಲೇ ಅಡಗಿರಬಹುದು.

ಚೆಂಬೂರ್ ಟೀಚರ್ | ಮಧ್ಯಾಹ್ನ 2:45

ಬೈಕುಲ್ಲಾ ಫುಟ್‌ಪಾತ್ ಹೆಂಗಸರ ಮಹಿಳಾ ಮಿಲನ್ ಸಂಘದ ಕಥೆ ಇದೇ ಅಲ್ವಾ? ದಿನಕ್ಕೆ ಒಂದೆರಡು ರೂಪಾಯಿ ಕೂಡಿಡುತ್ತಾ ಬಂದವರು. ಮನೆ ಹೇಗಿರಬೇಕು ಅಂತ ಸೀರೆ ಹಾಸಿ ಅಳತೆ ತೆಗೆಯುತ್ತಿದ್ದರಂತೆ. ಎಷ್ಟೋ ವರ್ಷ ಆದ ಮೇಲೆ ಮಾನ್‌ಖುರ್ದ್‌ನಲ್ಲಿ ಕೆಲವರಿಗೆ ಮನೆ ಆಯಿತು.

ವಕೀಲಮ್ಮ ಠಾಣೆ | ಮಧ್ಯಾಹ್ನ 3:10

ಖೋಲಿ ಸಿಕ್ಕಾಗ ಒಂದು ನೆನಪಿಡಿ. ಬಾಡಿಗೆ ಅಗ್ರಿಮೆಂಟ್ ಬರವಣಿಗೆಯಲ್ಲಿ ಇರಬೇಕು, ರಿಜಿಸ್ಟರ್ ಆಗಬೇಕು. ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆಯ 55ನೇ ಕಲಮಿನ ಪ್ರಕಾರ ರಿಜಿಸ್ಟರ್ ಮಾಡಿಸುವ ಜವಾಬ್ದಾರಿ ಮಾಲೀಕರದ್ದು. ಮಾಡಿಸದಿದ್ದರೆ, ಜಗಳ ಬಂದಾಗ, ಬಾಡಿಗೆದಾರ ಹೇಳಿದ ಷರತ್ತನ್ನೇ ಹಿಡಿಯುತ್ತಾರೆ. ಖಾಲಿ ಮಾಡಿಸಲು ನೀರು, ಕರೆಂಟ್ ಕಡಿಯುವ ಹಾಗಿಲ್ಲ. ಅದು 29ನೇ ಕಲಮು.

ಮುಲುಂಡ್ ಸೊಸೆ | ಮಧ್ಯಾಹ್ನ 3:31

ನಮ್ಮ ಮಾಲೀಕರು ಹನ್ನೊಂದು ತಿಂಗಳಿಗೆ ಸಾವಿರ ಏರಿಸಿದರು. ಮೀನು ಬೇಯಿಸಬೇಡಿ ಅಂತಲೂ ಹೇಳಿದರು. ಇದಕ್ಕೆ ಯಾವ ಕಲಮು?

ಹಳೇ ಫೋರ್ಟ್ ಹುಡುಗ | ಮಧ್ಯಾಹ್ನ 3:40

ಅಮ್ಮ, ಅದಕ್ಕೆ ಬೇರೆ ಚರ್ಚೆ ಶುರು ಮಾಡಿ. ನಾನೂ ಬರುತ್ತೇನೆ, ಮೀನಿನ ವಿಷಯ ನನಗೂ ಹೇಳುವುದಿದೆ. ಇಲ್ಲಿ ಈ ಸಂಸಾರದ ಮಾತು ಮುಗಿಯಲಿ.

ಪರೇಲ್ ನರ್ಸ್ | ಸಂಜೆ 5:20

ಡ್ಯೂಟಿ ಮುಗಿಸಿ ಬಂದೆ. ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ಇವತ್ತೂ ನೋಡಿದೆ. ಕ್ಯಾನ್ಸರ್ ಆಸ್ಪತ್ರೆಯ ಹೊರಗೆ ಫುಟ್‌ಪಾತ್‌ನಲ್ಲಿ ಮಲಗುವವರಲ್ಲಿ ನಮ್ಮ ರಾಜ್ಯದವರೂ ಇರುತ್ತಾರೆ. ಊರಲ್ಲಿ ಮನೆ ಇದೆ, ಇಲ್ಲಿ ಇಲ್ಲ. ಕೀಮೋ ಮುಗಿಯುವ ತನಕ ಆರು ತಿಂಗಳು ಅಲ್ಲೇ. ತಲೆಗೆ ಟವೆಲ್ ಸುತ್ತಿದ ಹುಡುಗಿ ಒಬ್ಬಳು ಫೈಲನ್ನೇ ತಲೆದಿಂಬು ಮಾಡಿಕೊಂಡಿದ್ದಳು. ಅಂಥವರು ಕಂಡರೆ ಆಸ್ಪತ್ರೆಯ ಸಮಾಜ ಸೇವಾ ವಿಭಾಗಕ್ಕೆ ಕಳಿಸಿ. ದಾದರಿನ ಗಾಡಗೆ ಮಹಾರಾಜ್ ಧರ್ಮಶಾಲೆಯಂಥ ಕಡೆ ಜಾಗ ಕೇಳಲು ಅಲ್ಲಿಂದ ಚೀಟಿ ಕೊಡುತ್ತಾರೆ.

ಖಾನಾವಳಿ ಅಕ್ಕ, ರೇಷನ್ ಮರೆಯಬೇಡಿ. ಕರ್ನಾಟಕದ ಕಾರ್ಡ್ ಇಲ್ಲಿನ ರೇಷನ್ ಅಂಗಡಿಯಲ್ಲೂ ನಡೆಯುತ್ತದೆ. ಒಂದು ದೇಶ ಒಂದು ರೇಷನ್ ಕಾರ್ಡ್. ನಂಬರ್ ಹೇಳಿ ಬೆರಳು ಕೊಟ್ಟರೆ ಧಾನ್ಯ ಕೊಡಬೇಕು. ಅತ್ತೆಗೆ 65 ಆಗಿದ್ದರೆ ಊರಿನಲ್ಲಿ ಸಂಧ್ಯಾ ಸುರಕ್ಷಾ ಬರುತ್ತಿದೆಯಾ ಕೇಳಿ.

ಜುಹು ನೆರೆಮನೆ | ಸಂಜೆ 6:05

ವೋಟರ್ ಲಿಸ್ಟಿಗೂ ಸೇರಬಹುದು. ಮನೆ ಇಲ್ಲದವರು ಫಾರಂ 6ರಲ್ಲಿ ಮಲಗುವ ಜಾಗ ಬರೆದರೆ ಮತಗಟ್ಟೆ ಅಧಿಕಾರಿ ರಾತ್ರಿ ಬಂದು ನೋಡುತ್ತಾರೆ. ನಿಜವಾಗಿ ಅಲ್ಲೇ ಮಲಗುತ್ತಾರೆ ಅಂತ ಖಾತ್ರಿಯಾದರೆ ವಿಳಾಸದ ದಾಖಲೆ ಕೇಳುವುದಿಲ್ಲ. ನಾನು ಚುನಾವಣೆ ಡ್ಯೂಟಿ ಮಾಡಿದ್ದೇನೆ, ಅದಕ್ಕೆ ಗೊತ್ತು.

ಸಯನ್ ಖಾನಾವಳಿ | ರಾತ್ರಿ 9:55

ಇಷ್ಟು ಜನ ಬರೆದಿದ್ದೀರಿ. ಒಂದೊಂದೂ ಅವಳಿಗೆ ಓದಿ ಹೇಳಿದೆ.

ಹೋಟೆಲ್ ಅಣ್ಣ, ಅವಳು ನಿಮಗೆ ನಮಸ್ಕಾರ ಹೇಳಿದ್ದಾಳೆ. ಆದರೆ ಕಾಂದಿವಲಿಗೆ ಬರಲ್ಲ ಅಂದಳು. ಕೆಲಸದ ಜೊತೆ ಮನೆ ಒಂದು ಸಲ ನೋಡಿ ಆಯಿತು ಅಂದಳು.

ಸಂಜೆ ನಾನು ಅವಳ ಜೊತೆ ನಿವಾರಾಕ್ಕೆ ಹೋಗಿದ್ದೆ. 24 ಗಂಟೆ ಅಂತ ಕೋರ್ಟ್ ಹೇಳಿದೆ, ಮೂರು ದಿನ ಅಂತ ಎಲ್ಲಿ ಬರೆದಿದೆ ತೋರಿಸಿ ಅಂದೆ. ಮೊದಲು ಸಿಟ್ಟಾದರು. ಆಮೇಲೆ ಅವರೂ ತಮ್ಮ ಕಷ್ಟ ಹೇಳಿಕೊಂಡರು. ಜಾಗ ಕಮ್ಮಿ, ಸಂಬಳ ಎರಡು ತಿಂಗಳಿಂದ ಬಂದಿಲ್ಲ, ದಿನಾ ಹೊಸಬರು ಬಾಗಿಲಲ್ಲಿ ನಿಲ್ಲುತ್ತಾರೆ. ಕೊನೆಗೆ ಇನ್ನು ಹದಿನೈದು ದಿನ ಇರಲಿ ಅಂದರು. ಹಗಲು ಅತ್ತೆ ಮತ್ತು ಚಿಕ್ಕವಳು ಒಳಗೇ ಇರಬಹುದು. ಹುಡುಗ ಸದ್ಯಕ್ಕೆ ರಾತ್ರಿ ನನ್ನ ಖಾನಾವಳಿಯಲ್ಲಿ, ನನ್ನ ಮಗನ ಜೊತೆ. ಸರ್ಟಿಫಿಕೇಟ್ ಕೇಳಿದ್ದಕ್ಕೆ ವಾರ್ಡ್ ಆಫೀಸಿನಿಂದ ಹೇಳಿಸಿ ಅಂದರು.

ಗಂಡನ ಹೆಸರಲ್ಲಿ ಮಂಡಳಿ ಕಾರ್ಡ್ ಇಲ್ಲ. ಊರಲ್ಲಿ ಆಶ್ರಯ ಮನೆಯೂ ಬಂದಿಲ್ಲ.

ವಕೀಲಮ್ಮ ಠಾಣೆ | ರಾತ್ರಿ 10:10

ಹದಿನೈದು ದಿನ ಸಿಕ್ಕಿದ್ದು ದೊಡ್ಡದು. ವಾರ್ಡ್ ಆಫೀಸಿಗೆ ಅರ್ಜಿ ಕೊಡೋಣ. ಎರಡು ಬೇಡಿಕೆ: ವಾಸದ ಸರ್ಟಿಫಿಕೇಟ್, ಕುಟುಂಬ ನಿವಾರಾದಲ್ಲಿ ಜಾಗ. ಎರಡು ಪ್ರತಿ ಮಾಡಿ, ಒಂದರ ಮೇಲೆ ತಲುಪಿದ ಸಿಕ್ಕಾ ಹಾಕಿಸಿಕೊಳ್ಳಿ. ಜೊತೆಗೆ ಒಂದು ಮಾಹಿತಿ ಹಕ್ಕು ಅರ್ಜಿ, ಈ ವಾರ್ಡಿನಲ್ಲಿ ಕುಟುಂಬ ನಿವಾರಾ ಎಷ್ಟಿವೆ, ಎಷ್ಟು ದಿನ ಇರಬಹುದು ಅನ್ನುವ ನಿಯಮದ ಪ್ರತಿ ಕೊಡಿ ಅಂತ. ಫೀ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಮಹಾರಾಷ್ಟ್ರದಲ್ಲಿ 150 ಪದ ದಾಟಬಾರದು, ಒಂದು ಅರ್ಜಿಗೆ ಒಂದೇ ವಿಷಯ. ನಾನು ಮರಾಠಿಯಲ್ಲಿ ಬರೆದು ಕಳಿಸುತ್ತೇನೆ. ಗಂಡನ ಪರಿಹಾರದ ವಿಷಯ ಬೇರೆಯಾಗಿ ಮಾತಾಡೋಣ, ಆಸ್ಪತ್ರೆ ಚೀಟಿಯ ಫೋಟೋ ನನಗೆ ಮಾತ್ರ ಕಳಿಸಿ, ಇಲ್ಲಿ ಹಾಕಬೇಡಿ.

ಕಾಂದಿವಲಿ ಹೋಟೆಲ್ | ರಾತ್ರಿ 10:22

ಅವಳು ಹೇಳಿದ್ದು ಸರಿ. ಖೋಲಿ ಸಿಕ್ಕಾಗ ಹೇಳಿ, ಡಿಪಾಜಿಟ್‌ನಲ್ಲಿ ಅರ್ಧ ನನ್ನದು. ತಿಂಗಳು ತಿಂಗಳು ಆದಷ್ಟು ವಾಪಸ್ ಕೊಡಲಿ.

ಚೆಂಬೂರ್ ಟೀಚರ್ | ರಾತ್ರಿ 10:30

ನಾಳೆ ಗುರುವಾರ ಶಾಲೆ ಇದೆ. ಹುಡುಗನನ್ನು 11 ಗಂಟೆಗೆ ಕರೆದುಕೊಂಡು ಬನ್ನಿ. ಹೆಡ್ ಮೇಡಂ ಹತ್ತಿರ ನಾನು ಮಾತಾಡಿರುತ್ತೇನೆ. ಚಪ್ಪಲಿ ಇಲ್ಲದಿದ್ದರೆ ಅಳತೆ ಹೇಳಿ.

ಸಯನ್ ಖಾನಾವಳಿ | ರಾತ್ರಿ 10:38

ಅಳತೆ ನಾಲ್ಕು ಟೀಚರ್. ಶಾಲೆಗೆ ನಾನು ಕರೆದುಕೊಂಡು ಬರುತ್ತೇನೆ. ಆದರೆ ಅದೇ ಹೊತ್ತಿಗೆ ವಾರ್ಡ್ ಆಫೀಸಿಗೂ ಹೋಗಬೇಕು. ಅವಳ ಜೊತೆ ಮರಾಠಿ ಚೆನ್ನಾಗಿ ಬರುವವರು ಒಬ್ಬರು ಬೇಕು. ಯಾರಾದರೂ ಬರುತ್ತೀರಾ?

ಹಳೇ ಫೋರ್ಟ್ ಹುಡುಗ | ರಾತ್ರಿ 10:41

ನಾನು ಬರುತ್ತೇನೆ. ಹತ್ತಕ್ಕೆ ಖಾನಾವಳಿ ಹತ್ತಿರ ಇರುತ್ತೇನೆ. ಆ ಡಬ್ಬಿ ಹಾಗೇ ತರಲು ಹೇಳಿ, ಕಾಗದ ಹೊರಗೆ ತೆಗೆಯಬೇಡಿ. ಮಳೆ ಇದೆ.